ಬಸ್ಸು ಬಿಟ್ಟವರು ಕೆಲಸಕ್ಕೆ ಹೇಗೆ ಹೋದರು?

ಪ್ರೀತಿಯ ತಂಗಿ,

ಹಸ್ತಪ್ರತಿ ಪೂರ್ತಿ ಓದಿದೆ. ಮುನ್ನುಡಿ ಯಾರಿಂದ ಬರೆಸಲಿ, ಯಾವ ಪ್ರಕಾಶಕರಿಗೆ ಕಳಿಸಲಿ ಎಂದೆಲ್ಲ ಕೇಳಿದ್ದೀಯ. ಅದಕ್ಕೆ ಬೇರೆ ಯಾರಾದರೂ ಉತ್ತರ ಕೊಡುತ್ತಾರೆ. ಬರೆಯುವುದನ್ನೇ ಬಿಟ್ಟುಬಿಡಲೇ ಎಂದದ್ದು ಮಾತ್ರ ಮನಸ್ಸಿಗೆ ತಟ್ಟಿತು. ಬಿಡಬೇಡ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನ ನಡೆಸಿದ ಬಸ್ ಬಹಿಷ್ಕಾರದ ಬಗ್ಗೆ ಕನ್ನಡದಲ್ಲಿ ಇಷ್ಟು ಆಸ್ಥೆಯಿಂದ ಕೂತು ಬರೆಯುವವರು ಹೆಚ್ಚಿಲ್ಲ.

ಆದರೆ ನಿನ್ನ ಪುಸ್ತಕದಲ್ಲಿ ಎಲ್ಲರೂ ಭಾಷಣ ಕೇಳುತ್ತಾರೆ, ಹಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ಮಂಗಳವಾರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು ಒಬ್ಬರೂ ಇಲ್ಲ. ಆ ಊರಿನ ಬಸ್ಸುಗಳಲ್ಲಿ ಓಡಾಡುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ಅಡುಗೆಯವರು, ಮನೆಗೆಲಸದವರು, ಕೂಲಿಗಳು. ಒಂದು ದಿನ ತಪ್ಪಿಸಿಕೊಂಡರೆ ಸಂಬಳಕ್ಕೆ ಕತ್ತರಿ. 381 ದಿನ ಅವರು ಹೇಗೆ ಹೋದರು, ಹೇಗೆ ಬಂದರು? ಇದಕ್ಕೆ ಉತ್ತರ ಸಿಗದ ಹೊರತು ನಿನ್ನ ‘ಧೈರ್ಯ’, ‘ತ್ಯಾಗ’ಗಳನ್ನು ನಾನು ನಂಬಲಾರೆ.

ಮೊದಲು ಬಸ್ಸಿನೊಳಗಿನ ದೃಶ್ಯ. ಬಿಳಿ ಹಾಳೆಯ ಮೇಲೆ ಬಸ್ಸಿನ ಚಿತ್ರ ಬರಿ. 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಕೂತದ್ದು ಅದರ ಹಿಂದಿನ ಸಾಲಿನಲ್ಲಿ, ಅಂದರೆ ಮೀಸಲು ಸೀಟಿನಲ್ಲಿ ಅಲ್ಲ. ಒಬ್ಬ ಬಿಳಿಯ ನಿಂತಿದ್ದ; ಅವನಿಗೆ ಒಂದು ಸೀಟು ಕೊಡಲು ಆ ಸಾಲಿನ ನಾಲ್ವರೂ ಏಳಬೇಕಿತ್ತು, ಏಕೆಂದರೆ ಬಿಳಿಯ ಕೂತ ಸಾಲಿನಲ್ಲಿ ಕಪ್ಪು ಜನ ಕೂರುವಂತಿರಲಿಲ್ಲ. ಮೂವರು ಎದ್ದರು. ಕಿಟಕಿ ಬದಿಯವನಿಗೆ ದಾರಿ ಬಿಟ್ಟು, ಪಾರ್ಕ್ಸ್ ತಾವೇ ಕಿಟಕಿ ಬದಿಗೆ ಸರಿದು ಕೂತರು. ಅದಕ್ಕೇ ಅವರನ್ನು ಬಂಧಿಸಿದರು. ನೀನು ‘ಕಲ್ಲಿನಂತೆ ಅಲುಗದೆ ಕುಳಿತಳು’ ಎಂದು ಬರೆದಿದ್ದೀಯ. ಅಲುಗಿದರು, ತಂಗಿ. ಏಳಬೇಕಾದ ಹೊತ್ತಿನಲ್ಲಿ ಇನ್ನಷ್ಟು ಒಳಕ್ಕೆ ಸರಿದರು. ಆ ಒಂದು ಸರಿದಾಟ ನಿನ್ನ ಎರಡು ಪುಟದ ವರ್ಣನೆಗಿಂತ ಹೆಚ್ಚು ಹೇಳುತ್ತದೆ.

‘ದಣಿದ ಮುದುಕಿ’ ಎಂಬುದನ್ನಂತೂ ಇವತ್ತೇ ಹೊಡೆದುಹಾಕು. ಅವರಿಗಾಗ 42 ವರ್ಷ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್ಎಎಸಿಪಿ ಸಂಘಟನೆಯ ಸ್ಥಳೀಯ ಶಾಖೆಯ ಕಾರ್ಯದರ್ಶಿ. ಪತ್ರಿಕೆಗಳ ಪುರವಣಿಗಳು ಆ ಮುದುಕಿಯನ್ನು ಮತ್ತೆ ಮತ್ತೆ ಅಚ್ಚು ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ಸಂಘಟನೆಯಲ್ಲಿ ದುಡಿದವರನ್ನು ಕಾಲುನೋವಿನ ಹೆಂಗಸನ್ನಾಗಿ ಮಾಡುವುದು ಅನ್ಯಾಯ.

ಅಂದು ರಾತ್ರಿಯೇ ಕರಪತ್ರ ಸಿದ್ಧವಾಯಿತಲ್ಲ, ಅದನ್ನೂ ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಮಿಮಿಯೋಗ್ರಾಫ್ ಎಂಬ ಪ್ರತಿ ತೆಗೆಯುವ ಯಂತ್ರದ ಮುಂದೆ ನಿಂತರು. ಒಂದು ಹಾಳೆಯಲ್ಲಿ ಒಂದೇ ಒಕ್ಕಣೆ ಮೂರು ಸಲ, ಆಮೇಲೆ ಕತ್ತರಿಸಿ ಮೂರು ಚೀಟಿ. ಹೀಗೆ ಸಾವಿರಾರು. ಕೇಳಿದ್ದು ಸೋಮವಾರ ಒಂದು ದಿನದ ಬಹಿಷ್ಕಾರ ಮಾತ್ರ; ಅದೇ 381 ದಿನಕ್ಕೆ ಬೆಳೆಯಿತು. ಆ ಚೀಟಿಯಲ್ಲಿ ಪಾರ್ಕ್ಸ್ ಹೆಸರೇ ಇಲ್ಲ. ಇರುವುದು ಕ್ಲಾಡೆಟ್ ಕಾಲ್ವಿನ್ ಹೆಸರು: ಅದೇ ವರ್ಷದ ಮಾರ್ಚ್ 2ರಂದು ಸೀಟು ಬಿಡದೆ ಬಂಧನಕ್ಕೊಳಗಾದ 15 ವರ್ಷದ ಹುಡುಗಿ. ನಿನ್ನ ಪುಸ್ತಕದಲ್ಲಿ ಅವಳು ಎಲ್ಲಿ?

ಈಗ ಮಂಗಳವಾರದ ಲೆಕ್ಕಕ್ಕೆ ಬರೋಣ. ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರದಲ್ಲೇ, 10 ಸೆಂಟ್‌ಗೆ, ಜನರನ್ನು ಒಯ್ದವು. ಕನಿಷ್ಠ ಬಾಡಿಗೆ 45 ಸೆಂಟ್ ಎಂಬ ನಿಯಮವನ್ನು ಪೊಲೀಸರು ಮುಂದಿಟ್ಟರು. ಆ ದಾರಿ ಮುಚ್ಚಿತು. 1953ರಲ್ಲಿ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ ಇಂಥದ್ದೇ ಬಹಿಷ್ಕಾರ ನಡೆಸಿದ್ದ ಪಾದ್ರಿ ಟಿ. ಜೆ. ಜೆಮಿಸನ್ ಅವರನ್ನು ಕೇಳಿ ಖಾಸಗಿ ಕಾರುಗಳ ವ್ಯವಸ್ಥೆ ಕಟ್ಟಿದರು. ಸುಮಾರು 300 ಕಾರು, ಬೆಳಿಗ್ಗೆ ಹತ್ತುವ ಜಾಗಗಳು ಬೇರೆ, ಸಂಜೆ ಮರಳುವ ಜಾಗಗಳು ಬೇರೆ. ಬಾಡಿಗೆ ವಸೂಲಿ ಮಾಡಿದರೆ ಟ್ಯಾಕ್ಸಿ ಕಾನೂನಿಗೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಪೆಟ್ರೋಲಿನ ದುಡ್ಡು ಸಭೆಗಳಲ್ಲಿ ಎತ್ತಿದ ಕಾಣಿಕೆಯಿಂದ ಬರಬೇಕು. ಜಾರ್ಜಿಯಾ ಗಿಲ್ಮೋರ್ ಮತ್ತು ಸಂಗಡಿಗರು ಕೇಕು, ಪೈ ಮಾಡಿ ಮಾರಿ ತಂದುಕೊಟ್ಟದ್ದೂ ಇದರಲ್ಲಿ ಸೇರಿತ್ತು. ಮಾಡಿ ಮಾರಿದವರ ಹೆಸರು ಹೊರಗೆ ಬಂದರೆ ಅವರ ಕೆಲಸ ಹೋಗುವ ಭಯವಿತ್ತು. ಅದಕ್ಕೇ ಗುಂಪಿಗೆ ‘ಎಲ್ಲಿಯದೂ ಅಲ್ಲದ ಕ್ಲಬ್’ ಎಂದು ಹೆಸರಿಟ್ಟುಕೊಂಡರು. ಪೊಲೀಸರು ಚಾಲಕರನ್ನು ಸಣ್ಣಪುಟ್ಟ ಕಾರಣಕ್ಕೂ ಹಿಡಿದರು. 25 ಮೈಲಿಯ ಮಿತಿಯಲ್ಲಿ 30ರ ವೇಗ ಎಂದು 1956ರ ಜನವರಿ 26ರಂದು ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್‌ರನ್ನೇ ಬಂಧಿಸಿದರು. ಚರ್ಚುಗಳ ಹೆಸರಿನ ಸ್ಟೇಷನ್ ವ್ಯಾಗನ್‌ಗಳಿಗೆ ವಿಮೆ ಮತ್ತೆ ಮತ್ತೆ ರದ್ದಾಯಿತು. ವಿಮೆಯಿಲ್ಲದ ಗಾಡಿ ರಸ್ತೆಗಿಳಿಯುವಂತಿಲ್ಲ. ಕೊನೆಗೆ ಅಟ್ಲಾಂಟಾದ ಏಜೆಂಟರೊಬ್ಬರ ಮೂಲಕ ಲಂಡನ್ನಿನ ವಿಮಾ ಸಂಸ್ಥೆ ಲಾಯ್ಡ್ಸ್‌ನಿಂದ ವಿಮೆ ಸಿಕ್ಕಿತು. ಕೆಲಸದವಳು ಬರದೆ ಮನೆ ನಡೆಯದ ಬಿಳಿಯ ಗೃಹಿಣಿಯರೂ ಅವಳನ್ನು ಕರೆತರಲು ಕಾರು ತೆಗೆದರು. ಊರಿನ ಮೇಯರ್ ಆಗಿದ್ದ ಗೇಲ್ ಈ ಗೃಹಿಣಿಯರನ್ನು ಬಹಿರಂಗವಾಗಿ ಗದರಿದರು. ಇದೊಂದು ಪ್ರಸಂಗವೇ ಒಂದು ಅಧ್ಯಾಯಕ್ಕೆ ಸಾಕು.

ಗಾಂಧಿಯನ್ನು ಮೊದಲ ಸಭೆಯಿಂದಲೇ ತಂದು ಕೂರಿಸಿದ್ದೀಯ. ಆಸೆ ಅರ್ಥವಾಗುತ್ತದೆ, ಆದರೆ ತಡೆದುಕೋ. ಆರಂಭದ ಬೇಡಿಕೆಗಳಲ್ಲಿ ಬಿಳಿಯರು, ಕಪ್ಪು ಜನರನ್ನು ಬೇರೆ ಬೇರೆ ಕೂರಿಸುವ ಪ್ರತ್ಯೇಕತೆ ತೊಲಗಲಿ ಎಂಬುದೇ ಇರಲಿಲ್ಲ. ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಲಿ; ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ, ಮೊದಲು ಬಂದವರು ಮೊದಲು ಕೂರಲಿ; ಕಪ್ಪು ಜನರೇ ಹೆಚ್ಚಿರುವ ಮಾರ್ಗಗಳಿಗೆ ಕಪ್ಪು ಚಾಲಕರು ಬರಲಿ, ಇಷ್ಟೇ. ಡಿಸೆಂಬರ್ 12ರಂದು ಅಲ್ಲಿನ ಪತ್ರಿಕೆಗೆ ಪತ್ರ ಬರೆದು ಇದನ್ನು ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿದವರು ಜೂಲಿಯೆಟ್ ಮಾರ್ಗನ್ ಎಂಬ ಬಿಳಿಯ ಗ್ರಂಥಪಾಲಕಿ. ಗಾಂಧಿ ಅಲ್ಲಿಂದ ಬರಲಿ.

ಕೊನೆಯ ಅಧ್ಯಾಯವೂ ಸರಿಯಿಲ್ಲ. ಬಸ್ಸಿನ ಪ್ರತ್ಯೇಕತೆಯ ವಿರುದ್ಧ ಗೆದ್ದ ಮೊಕದ್ದಮೆ ‘ಬ್ರೌಡರ್ ವಿರುದ್ಧ ಗೇಲ್’. ಅದರಲ್ಲಿ ಪಾರ್ಕ್ಸ್ ವಾದಿಯಲ್ಲ, ಕಾಲ್ವಿನ್ ವಾದಿ. 1956ರ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತೆಂದು ನೀನು ಪುಸ್ತಕ ಮುಗಿಸಿದ್ದೀಯ. ಅದೇ ದಿನ ಮಾಂಟ್‌ಗೊಮರಿಯ ನ್ಯಾಯಾಲಯ ಕಾರುಗಳ ವ್ಯವಸ್ಥೆಗೆ ತಡೆಯಾಜ್ಞೆ ಕೊಟ್ಟಿತ್ತು. ತೀರ್ಪಿನ ಆದೇಶ ಊರು ತಲುಪಿದ್ದು ಡಿಸೆಂಬರ್ 20ಕ್ಕೆ. ಗೆದ್ದಿದ್ದರೂ ಬಸ್ಸಿಲ್ಲ, ಕಾರುಗಳ ವ್ಯವಸ್ಥೆಯೂ ಇಲ್ಲದ ಐದು ವಾರ, ಅದೂ ಚಳಿಗಾಲ. ಜನ ನಡೆದರು, ನೆರೆಹೊರೆಯವರ ಗಾಡಿಗಳಲ್ಲಿ ಹೊಂದಿಸಿಕೊಂಡರು. ಅದನ್ನೇ ಮೊದಲು ಬರೆದು ಕಳಿಸು. ಇಪ್ಪತ್ತು ಪುಟ ಸಾಕು, ವಿಶೇಷಣಗಳನ್ನು ಅಳಿಸಿದ ಮೇಲೆ.

ನಿನ್ನ,
ಹಿರಿಯ ಗೆಳೆಯ