ಆ ಕಂಬಗಳಿಗೆ ಬಣ್ಣ ಬಳಿದದ್ದು ನಾನೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಬೆಂಗಳೂರು ಪುಟದಲ್ಲಿ ಒಂದು ಫೋಟೊ ಬಂದಿತ್ತು. ಜಾತ್ರೆಗೆ ಸಜ್ಜಾಗುತ್ತಿರುವ ಹಳೆಯ ದೇವಸ್ಥಾನ. ಸಾರುವೆ ಮೇಲೆ ನಿಂತ ಹುಡುಗ ಕಲ್ಲಿನ ಕಂಬಕ್ಕೆ ಬಂಗಾರದ ಬಣ್ಣ ಬಳಿಯುತ್ತಿದ್ದಾನೆ. ಕೆಳಗೆ 'ಹೊಸ ಕಳೆ' ಅಂತ ಬರೆದಿದ್ದಿರಿ. ಆ ಹುಡುಗ ನಿಂತ ಜಾಗದಲ್ಲಿ ಒಂದು ಕಾಲಕ್ಕೆ ನಾನೂ ನಿಂತಿದ್ದೆ. ಅದಕ್ಕೇ ಈ ಪತ್ರ.

ನಾನು 34 ವರ್ಷ ಪೇಂಟಿಂಗ್ ಕಾಂಟ್ರಾಕ್ಟ್ ಮಾಡಿದವನು. ಈಗ ಮಂಡಿ ನೋವು, ಏಣಿ ಹತ್ತುವುದಿಲ್ಲ. 1998ರಲ್ಲಿ ಊರಂಚಿನ ಒಂದು ಶಿವನ ದೇವಸ್ಥಾನದ ಕೆಲಸ ಸಿಕ್ಕಿತು. ಹೆಸರು ಬೇಡ, ಅಲ್ಲಿನವರು ಒಳ್ಳೆಯ ಜನ. ಹದಿನಾರು ಕಲ್ಲಿನ ಕಂಬ, ಎಣ್ಣೆ ಹೊಗೆಗೆ ಕಪ್ಪಗಾಗಿದ್ದವು. ಬಿಳಿ ಪ್ರೈಮರ್ ಒಂದು ಕೋಟು, ಅದರ ಮೇಲೆ ಎನಾಮಲ್ ಎರಡು ಕೋಟು. ಬಳ್ಳಿಗೆ ಹಸಿರು, ಯಾಳಿ ಅನ್ನುವ ಸಿಂಹದಂಥ ಮೃಗಕ್ಕೆ ಬಂಗಾರ, ಬಸವನಿಗೆ ಬೆಳ್ಳಿ. ಮುಗಿಸಿದ ದಿನ ಎಲ್ಲರೂ ಕೈ ಮುಗಿದು ಹೊಗಳಿದರು. ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಾತು ಮಾತ್ರ ಒಳಗೇ ಉಳಿದುಕೊಂಡಿದೆ. ಹೊರಗೋಡೆಯ ಬುಡ ಉಜ್ಜುವಾಗ ನಮ್ಮ ಹುಡುಗನೊಬ್ಬ ಕೂಗಿದ, 'ಅಣ್ಣಾ, ಇಲ್ಲೇನೋ ಬರೆದಿದೆ.' ಹೋಗಿ ನೋಡಿದೆ. ಕಲ್ಲಿನ ಉದ್ದಕ್ಕೂ ಗುಂಡುಗುಂಡಾದ ಗೀರು, ಸುಮಾರು ಒಂದು ಮಾರು. ಆಳ ಹೆಚ್ಚಿಲ್ಲ, ಉಗುರು ಇಟ್ಟರೆ ತಗಲುತ್ತೆ, ಅಷ್ಟೇ. ಸಮಿತಿಯ ಹಿರಿಯರನ್ನು ಕರೆದೆ. ಅವರು ಬಗ್ಗಿ ನೋಡಿ, 'ಹಳೇ ತಮಿಳೋ ಏನೋ, ಈಗ ಯಾರು ಓದ್ತಾರಪ್ಪಾ, ನೀಟಾಗಿ ಮಾಡಿಬಿಡು' ಅಂದರು. ಗೀರು ಇದ್ದರೆ ಪೇಂಟ್ ಸಮ ಕೂರುವುದಿಲ್ಲ. ಪುಟ್ಟಿ ಕಲಸಿ ನಾನೇ ತುಂಬಿದೆ. ಮರಳು ಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿತ್ತು.

ಕೆಲಸ ಬಿಟ್ಟ ಮೇಲೆ ಸುಮ್ನೆ ಕೂರಲಾಗದೆ ಬಸ್ ಹತ್ತಿ ಊರಿನ ಹಳೆಯ ಗುಡಿಗಳನ್ನು ನೋಡಲು ಶುರು ಮಾಡಿದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಗೆ ಹೋದ ದಿನ ಬಾಗಿಲವಾಡದ ಕಲ್ಲಿನ ಮೇಲೆ ಅದೇ ಗುಂಡು ಅಕ್ಷರ ಕಂಡಿತು. ಅದೇ ಆಳ. ಅಲ್ಲೇ ಕೂತಿದ್ದ ಒಬ್ಬರು ವಿವರಿಸಿದರು. ಅವು 13ನೇ ಶತಮಾನದ ತಮಿಳು ಶಾಸನಗಳು, ಅವುಗಳಲ್ಲಿ ದೊಮ್ಮಲೂರು 'ತೊಂಬಲೂರು' ಆಗಿದೆ, ದೇವರಿಗೆ ಬಿಟ್ಟ ಆದಾಯದ ಲೆಕ್ಕ ಇದೆ. ಮಡಿವಾಳದ ಸೋಮೇಶ್ವರನ ಗೋಡೆಯಲ್ಲೂ 1247ರ ಇಂಥದ್ದೇ ದಾನದ ಶಾಸನ ಇದೆಯಂತೆ. ನಾನು ಗುಡಿಯ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ. ಪುಟ್ಟಿ ಹಾಕಿ ಮುಚ್ಚಿದ ನನ್ನ ಗೀರಿನಲ್ಲಿ ಯಾವ ಊರಿನ ಹೆಸರಿತ್ತೋ.

ನಮ್ಮ ಊರಿನ ಹೆಸರೇ ಹೀಗೆ ಕಲ್ಲಿನ ಮೇಲೆ ಉಳಿದದ್ದು, ಅಲ್ವಾ? ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲಿದೆ. 'ಬೆಂಗಳೂರ ಕಾಳಗ'ದ ಮಾತು ಅದರಲ್ಲಿದೆ. ಗಂಗರ ಕಾಲದ್ದು. ಅದಕ್ಕೂ ಯಾರಾದರೂ ನನ್ನಂಥವನು ಪುಟ್ಟಿ ಮೆತ್ತಿದ್ದರೆ ವೀರಬಲ್ಲಾಳನ ಬೆಂದ ಕಾಳಿನ ಕಥೆಯನ್ನೇ ಇವತ್ತಿಗೂ ನಂಬಿಕೊಂಡು ಇರುತ್ತಿದ್ದೆವು.

ಬೆಂಗಳೂರಿನ ಗುಡಿಗಳಲ್ಲಿ ನೋಡುವಂಥದ್ದು ಏನಿದೆ, ಬೇಲೂರು ಹಳೇಬೀಡಿನ ಥರ ಇಲ್ವಲ್ಲ ಅಂತ ಜನ ಹೇಳುವುದನ್ನು ಕೇಳಿದ್ದೇನೆ. ಅಲ್ಲಿರುವುದು ಬಳಪದ ಕಲ್ಲು, ಮೆತ್ತಗೆ, ಒಡವೆ ಕೆತ್ತಿದ ಹಾಗೆ ಕೆತ್ತಬಹುದು. ನಮ್ಮ ಕಡೆಯದು ಗಟ್ಟಿ ಕಗ್ಗಲ್ಲು, ಅಂದರೆ ಗ್ರಾನೈಟ್. ಉಳಿ ಇಟ್ಟರೆ ಕಿಡಿ ಹಾರುತ್ತೆ. ಅದಕ್ಕೇ ಇಲ್ಲಿನ ಶಿಲ್ಪಿಗಳು ಕಂಬದ ಚೌಕದಲ್ಲಿ ಅಂಗೈಯಗಲದ ಚಿತ್ರಗಳನ್ನು ತೆಳುವಾಗಿ ಎಬ್ಬಿಸಿದರು. ಒಂದು ಹನುಮಂತ, ಒಂದು ಹಂಸ, ಕಣ್ಣು ಕಿತ್ತು ಕೊಡುತ್ತಿರುವ ಬೇಡರ ಕಣ್ಣಪ್ಪ. ಹಲಸೂರಿನ ಸೋಮೇಶ್ವರನ ಮುಂದೆ 48 ಕಂಬಗಳ ತೆರೆದ ಮಂಟಪ ಇದೆ. ಚೋಳರ ಕಾಲದ ಗುಡಿಗೆ ವಿಜಯನಗರದ ಕಾಲದಲ್ಲಿ, ಕೆಂಪೇಗೌಡರ ಮನೆತನದವರಿಂದ, ಇವೆಲ್ಲ ಸೇರಿದವು ಅನ್ನುತ್ತಾರೆ. ಗಿರಿಜಾ ಕಲ್ಯಾಣ ಇದೆ, ಕೈಲಾಸ ಎತ್ತುವ ರಾವಣ ಇದ್ದಾನೆ. ಬೆಳಿಗ್ಗೆ ಓರೆ ಬಿಸಿಲು ಬೀಳುವಾಗ ಹೋಗಿ. ಕೆತ್ತನೆ ಏಳುವುದು ಆ ನೆರಳಿನಿಂದ. ನೆರಳು ಬೀಳುವುದು ಕಾಳಿನಷ್ಟು ಎತ್ತರದ ಅಂಚಿನಿಂದ. ಪ್ರೈಮರ್ ಸೇರಿ ಮೂರು ಕೋಟು ಹಾಕಿದರೆ ಆ ಅಂಚು ದುಂಡಗಾಗುತ್ತೆ. ನನ್ನ ಕಣ್ಣಪ್ಪನಿಗೆ ಕಣ್ಣೇ ಉಳಿಯಲಿಲ್ಲ, ಮೂಗೂ ಇಲ್ಲ. ಆಮೇಲೆ ಕಪ್ಪು ಬಣ್ಣದಲ್ಲಿ ಹುಬ್ಬು, ಕಣ್ಣು ನಾನೇ ಬರೆದೆ.

ಗವೀಪುರದ ಗಂಗಾಧರೇಶ್ವರನದು ಬೇರೆಯೇ ಲೆಕ್ಕ, ಅದು ಬಂಡೆಯೊಳಗಿನ ಗವಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನುವ ದೊಡ್ಡ ದುಂಡು ಬಿಲ್ಲೆಗಳು, ತ್ರಿಶೂಲ, ಡಮರು, ಎಲ್ಲ ಕಲ್ಲಿನವೇ. ಕೋಟೆ ವೆಂಕಟರಮಣನ ಗುಡಿ ಮೈಸೂರಿನ ಚಿಕ್ಕದೇವರಾಜ ಒಡೆಯರು 1689ರಲ್ಲಿ ಕಟ್ಟಿಸಿದ್ದು. ಹೊಸದಾಗಿ ಬಂದ ಜನ ತಮ್ಮ ಊರಿನ ರೀತಿಯನ್ನೇ ತಂದರು. ಜಾಲಹಳ್ಳಿಯ ಅಯ್ಯಪ್ಪನಿಗೆ ಕೇರಳದ ಇಳಿಜಾರು ಮಾಡು, ಅಗರದ ಜಗನ್ನಾಥನಿಗೆ ಒಡಿಶಾದ ಬಾಗಿದ ಶಿಖರ. ಒಂದೇ ಬಸ್ ಪಾಸಿನಲ್ಲಿ ಇಷ್ಟು ಥರ ನೋಡಬಹುದು. ಹಳೆಯದಕ್ಕೆ ಮಾತ್ರ ನಾವು ಎಲ್ಲ ಕಡೆ ಒಂದೇ ಶೇಡ್ ಕಾರ್ಡ್ ಹಿಡಿದು ಹೋಗುತ್ತೇವೆ.

ಗೋಪುರಕ್ಕೆ ಬಣ್ಣ ಬೇಡ ಅಂತ ನಾನು ಹೇಳುತ್ತಿಲ್ಲ. ಗೋಪುರದ ಬುಡ ಕಲ್ಲಾದರೂ ಮೇಲಿನ ಅಂತಸ್ತುಗಳು ಸಾಮಾನ್ಯವಾಗಿ ಇಟ್ಟಿಗೆ, ಗಾರೆ. ಬೊಂಬೆಗಳೂ ಗಾರೆಯವೇ. ಅಲ್ಲಿ ಬಣ್ಣ ಬೇಕು, ಇಲ್ಲದಿದ್ದರೆ ನೀರು ಇಳಿಯುತ್ತೆ. ನನ್ನ ತಕರಾರು ಕಲ್ಲಿನದು. ನೆಲದ ತೇವ ಕಲ್ಲಿಗೆ ಏರುತ್ತೆ, ಅಭಿಷೇಕದ ನೀರು, ದಿನಾ ತೊಳೆದ ನೀರೂ ಸೇರುತ್ತೆ. ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ ಆ ತೇವ ಹೊರಗೆ ಹೋಗುತ್ತಿತ್ತು. ಎನಾಮಲ್ ಪ್ಲಾಸ್ಟಿಕ್ ಚೀಲ ಕಟ್ಟಿದ ಹಾಗೆ. ಮೂರ್ನಾಲ್ಕು ಮಳೆಗಾಲ ಕಳೆದರೆ ಗುಳ್ಳೆ ಏಳುತ್ತೆ, ಹಕ್ಕಳೆ ಬೀಳುತ್ತೆ. ಬಿದ್ದ ಹಕ್ಕಳೆ ತಿರುಗಿಸಿ ನೋಡಿ, ಹಿಂದೆ ಕಲ್ಲಿನ ಪುಡಿ ಅಂಟಿರುತ್ತೆ.

ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಪೇಂಟ್ ತಪ್ಪು ಅಂತ ಗೊತ್ತಾದ ಕೂಡಲೇ ಕೆಲವರು ಕಂಪ್ರೆಸರ್ ತರಿಸಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುತ್ತಾರೆ. ಒಂದೇ ದಿನದಲ್ಲಿ ಕಲ್ಲು ಹೊಸದರ ಥರ ಬೆಳ್ಳಗಾಗುತ್ತೆ, ಫೋಟೊಗೆ ಚೆಂದ. ಆದರೆ ರಭಸದಿಂದ ಬಡಿಯುವ ಮರಳಿಗೆ ಪೇಂಟ್ ಯಾವುದು, ಅಕ್ಷರ ಯಾವುದು ಅಂತ ಗೊತ್ತಾಗುತ್ತಾ? ಪುಟ್ಟಿ ಕೆಳಗಿನ ಅಕ್ಷರವಾದರೂ ಒಂದು ದಿನ ಹೊರಗೆ ಬರಬಹುದು. ಹೀಗೆ ಸವೆಸಿದ್ದು ಹೋದ ಹಾಗೇ. ಗ್ರೈಂಡರ್ ಹಿಡಿಯುವುದೂ ಅಷ್ಟೇ.

ಶಾಸನ ತಜ್ಞ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಪುಸ್ತಕ ಮಾಡಿದ್ದಾರೆ. ಈಗ ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತೆ. ಆದರೆ ಸ್ಕ್ಯಾನರ್ ನೋಡುವುದು ಮೇಲ್ಮೈ ಮಾತ್ರ. ಪುಟ್ಟಿ ತುಂಬಿದ ಗೀರು ಅದಕ್ಕೂ ನುಣ್ಣನೆಯ ಗೋಡೆಯೇ.

ದೇವಸ್ಥಾನ ಸಮಿತಿಯವರಲ್ಲಿ ನನ್ನದು ಒಂದೇ ಕೋರಿಕೆ. ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ರಾತ್ರಿ ಒಂದು ಟಾರ್ಚ್ ಹಿಡಿದು ಗುಡಿ ಸುತ್ತಿ ಬನ್ನಿ. ಬೆಳಕನ್ನು ಗೋಡೆಗೆ ಒರಗಿಸಿ ಬಿಡಿ. ಗೀರು ಕಂಡರೆ ಶಾಸನ ಓದಬಲ್ಲವರನ್ನು ಕರೆಸಿ. ಕಲ್ಲು ಕಪ್ಪಗಿದೆ ಅಂದರೆ ನೀರು, ನೈಲಾನ್ ಬ್ರಷ್, ತಾಳ್ಮೆ, ಅಷ್ಟರಿಂದಲೇ ಎಷ್ಟೋ ಬಿಡುತ್ತೆ. ಪೇಂಟರ್‌ಗಳಿಗೆ ಕೆಲಸ ಹೋಗುತ್ತೆ ಅನ್ನಬೇಡಿ. ಗೋಪುರ ಇದೆ, ಪ್ರಾಕಾರದ ಗೋಡೆ ಇದೆ, ಪಾಕಶಾಲೆ ಇದೆ.

ನನ್ನ ದೇವಸ್ಥಾನಕ್ಕೆ ಈ ವರ್ಷ ಎರಡು ಸಲ ಹೋಗಿ ಬಂದೆ. ಆ ಹಿರಿಯರು ಈಗಿಲ್ಲ. ಹೊಸ ಸಮಿತಿಯವರು ನಕ್ಕು, 'ಜಾತ್ರೆ ಮುಗೀಲಿ ಸ್ವಾಮಿ, ನೋಡೋಣ' ಅಂದಿದ್ದಾರೆ. ಶಾಸನ ಓದುವವರು ಯಾರಾದರೂ ಬರುವುದಾದರೆ ನಾನೇ ಕರೆದುಕೊಂಡು ಹೋಗುತ್ತೇನೆ, ಪೇಂಟ್ ಬಿಡಿಸುವ ಖರ್ಚೂ ನನ್ನದೇ. ಹುಡುಕಬೇಕಿಲ್ಲ. ಉತ್ತರದ ಗೋಡೆ, ಅಭಿಷೇಕದ ನೀರು ಬೀಳುವ ಗೋಮುಖದ ಎಡಕ್ಕೆ, ನೆಲದಿಂದ ಎರಡನೇ ಸಾಲಿನ ಕಲ್ಲು. ಮೇಲೆ ಕಾವಿ ಬಣ್ಣ ಇದೆ.

ಇಂತಿ,
ಒಬ್ಬ ನಿವೃತ್ತ ಪೇಂಟಿಂಗ್ ಕಾಂಟ್ರಾಕ್ಟರ್
ಬೆಂಗಳೂರು