ಗೌರಿ, ಗೌರಮ್ಮ, ಗವ್ರಿ

ಗೌರಿ ಹಬ್ಬದ ಸಂಚಿಕೆ ಎಂದ ಮೇಲೆ ಹಬ್ಬದ ಕತೆ, ಬಾಗಿನದ ಪಟ್ಟಿ, ಹೋಳಿಗೆಯ ಅಳತೆ ಇದ್ದೇ ಇರುತ್ತವೆ. ಈ ಸಲ ಸಂಪಾದಕೀಯ ಹೆಸರಿನ ಕಡೆಗೆ ತಿರುಗಿದೆ. ಹೊರದೇಶದಲ್ಲಿ ಹೆಣ್ಣುಮಗುವಿಗೆ ಹೆಸರು ಹುಡುಕುವ ನಮ್ಮವರಿಗೆ ‘ಗೌರಿ’ ಬೇಗ ನೆನಪಾಗುವ ಹೆಸರು: ಎರಡೇ ಅಕ್ಷರ, ಒತ್ತಕ್ಷರವಿಲ್ಲ, ಮನೆಯಲ್ಲಿ ಯಾರೋ ಒಬ್ಬ ಅಜ್ಜಿಯದ್ದಾಗಿರುವ ಸಾಧ್ಯತೆಯೂ ಹೆಚ್ಚು. ನೆನಪಾದ ಕೂಡಲೇ ಅನುಮಾನವೂ ಹುಟ್ಟುತ್ತದೆ. ‘ಬೆಳ್ಳಗಿರುವವಳು’ ಎಂದು ಅರ್ಥವಂತೆ, ಇಡುವುದು ಸರಿಯೆ? ಇಂಗ್ಲಿಷಿನಲ್ಲಿ ಯಾವ ಅಕ್ಷರಗಳಲ್ಲಿ ಬರೆಯಬೇಕು?

ಮೊದಲು ಅರ್ಥ. ಮೂಲ ‘ಗೌರ’ ಎಂಬ ಸಂಸ್ಕೃತದ ಗುಣವಾಚಕ. ಅಕಾರದಲ್ಲಿ ಮುಗಿಯುವ ಇಂಥ ಶಬ್ದಕ್ಕೆ ಸ್ತ್ರೀಲಿಂಗದಲ್ಲಿ ಸಾಮಾನ್ಯವಾಗಿ ಆಕಾರ ಬರಬೇಕು, ‘ಗೌರಾ’ ಎಂದಾಗಬೇಕು. ಹಾಗಾಗದೆ ‘ಗೌರೀ’ ಎಂದಾದದ್ದು ಪಾಣಿನಿಯ ‘ಷಿದ್ಗೌರಾದಿಭ್ಯಶ್ಚ’ (4.1.41) ಎಂಬ ಸೂತ್ರದಿಂದ, ಈಕಾರ ಪಡೆಯುವ ಶಬ್ದಗಳ ಪಟ್ಟಿಗೆ ಈ ಶಬ್ದವೇ ತಲೆ. ಇನ್ನು ಬಣ್ಣ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶ ‘ಗೌರ’ವನ್ನು ಬಿಳಿಯ ಪರ್ಯಾಯಗಳಲ್ಲೂ ಸೇರಿಸುತ್ತದೆ, ‘ಪೀತೋ ಗೌರೋ ಹರಿದ್ರಾಭಃ’ ಎಂದು ಅರಿಶಿನದ ಬಣ್ಣದಲ್ಲೂ ಸೇರಿಸುತ್ತದೆ. ಹಲವು ಅರ್ಥದ ಪದಗಳಿರುವ ನಾನಾರ್ಥ ವರ್ಗಕ್ಕೆ ಬಂದಾಗ ‘ಗೌರೋಽರುಣೇ ಸಿತೇ ಪೀತೇ’ ಎಂದು ಕೆಂಪು, ಬಿಳಿ, ಹಳದಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಹೆಸರಿನ ಜಾಲತಾಣಗಳು ಈ ಮೂರರಲ್ಲಿ ಒಂದನ್ನೇ ಹಿಡಿದು ‘ಫೇರ್’ ಎಂದು ಬರೆದು ಕೈತೊಳೆದುಕೊಂಡಿವೆ. ಕೆಲವು ಇನ್ನೂ ಮುಂದೆ ಹೋಗಿ ‘ಗೌರವಾನ್ವಿತೆ’ ಎನ್ನುತ್ತವೆ. ಅದಂತೂ ತಪ್ಪು. ಗೌರವ ಬಂದದ್ದು ‘ಗುರು’ ಶಬ್ದದಿಂದ. ಅದಕ್ಕೂ ಗೌರಿಗೂ ಉಚ್ಚಾರದ ನೆಂಟಸ್ತನ ಬಿಟ್ಟರೆ ಬೇರೆ ಸಂಬಂಧವಿಲ್ಲ.

ಮೈಬಣ್ಣದ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪುರಾಣದ ಕತೆಯಲ್ಲಿ ಪಾರ್ವತಿ ಮೊದಲು ಕಪ್ಪಗಿದ್ದಳು. ಶಿವ ಅದನ್ನೇ ಎತ್ತಿ ಹಾಸ್ಯ ಮಾಡಿದ. ಅವಳು ಸಿಟ್ಟಾಗಿ ತಪಸ್ಸಿಗೆ ಹೋಗಿ ಆ ಕಪ್ಪು ಪೊರೆಯನ್ನು ಕಳಚಿದಳು; ಕಳಚಿದ ಪೊರೆಯಿಂದ ಕೌಶಿಕಿ ಹುಟ್ಟಿದಳು, ಉಳಿದವಳು ಗೌರಿಯಾದಳು. ಬಣ್ಣದ ಮೇಲಿನ ಮೋಹ ಕತೆಯೊಳಗೆ ಇದ್ದೇ ಇದೆ. ಆದರೆ ‘ಉಮಾ ಕಾತ್ಯಾಯನೀ ಗೌರೀ ಕಾಲೀ’ ಎಂದು ಅಮರಕೋಶ ಬರೆದ ಅಮರಸಿಂಹ ಗೌರಿಯನ್ನೂ ಕಪ್ಪು ಕಾಲಿಯನ್ನೂ ಒಬ್ಬಳದೇ ಹೆಸರಾಗಿ ಅಕ್ಕಪಕ್ಕ ಕೂರಿಸಿದ್ದಾನೆ. ಕಪ್ಪು ಮಗುವಿಗೆ ಗೌರಿ ಎಂದಿಟ್ಟರೆ ನಗುವವರಿಗೆ ಈ ಸಾಲು ಸಾಕು. ಹಳೆಯ ಶಾಸ್ತ್ರಗ್ರಂಥಗಳಲ್ಲಿ ‘ಅಷ್ಟವರ್ಷಾ ಭವೇದ್ಗೌರೀ’ ಎಂದು ಎಂಟು ವರ್ಷದ, ಇನ್ನೂ ಮೈನೆರೆಯದ ಹುಡುಗಿಗೂ ಗೌರಿ ಎನ್ನುತ್ತಾರೆ. ಬಾಲ್ಯವಿವಾಹದ ಕಾಲದ ಲೆಕ್ಕ ಅದು. ನಿಘಂಟಿನಲ್ಲಿ ಸಿಕ್ಕರೆ ಗಾಬರಿಯಾಗಬೇಕಿಲ್ಲ.

ನಮ್ಮ ಮನೆಗಳಲ್ಲಿ ಗೌರಿಯ ಬಣ್ಣ ಯಾವುದೆಂದರೆ ಅರಿಶಿನ. ಮದುವೆಯಲ್ಲಿ ಹಸೆಗೆ ಬರುವ ಮೊದಲು ಹೆಣ್ಣು ಮಾಡುವ ಗೌರಿಪೂಜೆಯಲ್ಲಿ, ಶ್ರಾವಣದ ಮಂಗಳವಾರಗಳ ಮಂಗಳಗೌರಿ ವ್ರತದಲ್ಲಿ, ಭಾದ್ರಪದ ಶುದ್ಧ ತದಿಗೆಯ ಸ್ವರ್ಣಗೌರಿಯಲ್ಲಿ ಅನೇಕ ಮನೆಗಳವರು ವಿಗ್ರಹದ ಜೊತೆಗೋ ವಿಗ್ರಹದ ಬದಲಿಗೋ ಅರಿಶಿನದ ಗೌರಿಯನ್ನು ಕೂರಿಸುತ್ತಾರೆ. ತೆಲಂಗಾಣದ ಬತುಕಮ್ಮ ಹಬ್ಬದ ಹೂವಿನ ರಾಶಿಯ ಮೇಲೆ ಕೂರುವವಳೂ ಇದೇ ಅರಿಶಿನದ ಗೌರಮ್ಮ. ಮಾಡುವುದು ಸುಲಭ, ಕೆಡುವುದೂ ಸುಲಭ. ನಾಲ್ಕು ದೊಡ್ಡ ಚಮಚ ಅರಿಶಿನ ಪುಡಿಗೆ ಹಾಲನ್ನು ಒಂದು ಚಮಚದಿಂದ ಶುರುಮಾಡಿ ಹನಿಹನಿಯಾಗಿ ಸೇರಿಸುತ್ತ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು. ಹಾಲು ಒಮ್ಮೆಲೇ ಸುರಿದರೆ ಗೋಪುರ ನಿಲ್ಲದೆ ಕೂತುಬಿಡುತ್ತದೆ. ಆಗ ಮತ್ತಷ್ಟು ಪುಡಿ ಹಾಕುವುದೊಂದೇ ದಾರಿ. ಅಂಗೈಯಲ್ಲಿ ಉರುಟಾಗಿಸಿ, ಬುಡ ಅಗಲ ಮಾಡಿ, ತುದಿ ಚೂಪು ಮಾಡಿ ವೀಳ್ಯದೆಲೆಯ ಮೇಲೆ ಇಟ್ಟರೆ ಆಯಿತು. ಚಳಿದೇಶದಲ್ಲಿ ಹೀಟರಿನ ಪಕ್ಕ ಒಣಗಿಸಲು ಇಟ್ಟರೆ ಹೊರಮೈ ಬೇಗ ಒಣಗಿ ಒಳಗೆ ಹಸಿಯಾಗೇ ಉಳಿದು ಸೀಳು ಬಿಡುತ್ತದೆ. ನೆರಳಲ್ಲಿ ಬಿಡಿ. ಒಂದು ಚಿಟಿಕೆ ಗೋದಿಹಿಟ್ಟು ಬೆರೆಸಿದರೆ ಅಂಟು ಬರುತ್ತದೆ.

ಹಬ್ಬಗಳ ಹೆಸರಿನಲ್ಲಿ ಗೌರಿ ಊರಿಂದೂರಿಗೆ ಬೇರೆ. ಹಳೆ ಮೈಸೂರು ಕಡೆ ಸ್ವರ್ಣಗೌರಿಯೇ ದೊಡ್ಡದು: ಹದಿನಾರೆಳೆಯ, ಹದಿನಾರು ಗಂಟಿನ ದಾರ ಬಲಗೈಗೆ, ತವರಿಂದ ಬರುವ ಮೊರದ ಬಾಗಿನ (ಆಡುಮಾತಿನಲ್ಲಿ ಅದು ‘ಮರದ ಬಾಗಿನ’, ಮರಕ್ಕೂ ಅದಕ್ಕೂ ಸಂಬಂಧವಿಲ್ಲ). ಉತ್ತರ ಕರ್ನಾಟಕದಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಡುತ್ತಾರೆ. ಸಕ್ಕರೆ ಪಾಕವನ್ನು ಮರದ ಅಚ್ಚಿನಲ್ಲಿ ಹೊಯ್ದು ತೆಗೆದ ಆನೆ, ತೇರು, ಗೊಂಬೆಗಳವು; ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಕಳಿಸುವ ಪದ್ಧತಿಯೂ ಇದೆ. ಚೈತ್ರಗೌರಿಗೆ ಕೋಸಂಬರಿ, ಪಾನಕ. ಈ ಯಾವುದಾದರೂ ತಿಥಿಯಲ್ಲಿ ಹುಟ್ಟಿದವಳಿಗೆ ಗೌರಿ ಎಂದಿಡುವುದು ಹಿಂದಿನಿಂದ ಬಂದ ವಾಡಿಕೆ. ನಕ್ಷತ್ರ ನೋಡಿ ಇಡುವವರಿಗೆ: ‘ಗೋ’ ಶತಭಿಷದ ಮೊದಲ ಪಾದದ ಅಕ್ಷರ, ಔಕಾರವನ್ನು ಓಕಾರದ ಜೊತೆಗೇ ಹಿಡಿಯುವುದು ರೂಢಿ.

ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಕೆಂಪು-ಹಳದಿ ಎಸಳಿನ ಬಳ್ಳಿಗೂ ಗೌರಿ ಹೂ ಎಂದೇ ಹೆಸರು. ಹೊರದೇಶದ ಹೂವಿನಂಗಡಿಗಳಲ್ಲಿ ಅದು ‘ಗ್ಲೋರಿಯೋಸ’ ಎಂದು ಸಿಗುತ್ತದೆ. ಪೂಜೆಗೆ ತಂದರೆ ಎಚ್ಚರ: ಕಾಲ್ಚಿಸಿನ್ ಇರುವುದರಿಂದ ಇಡೀ ಗಿಡ ವಿಷ, ಗೆಡ್ಡೆ ಅತಿ ವಿಷ. ಮಕ್ಕಳಿಗೂ ಬೆಕ್ಕಿಗೂ ಎಟುಕದಂತೆ ಇಡಿ, ಪ್ರಸಾದದ ತಟ್ಟೆಗೆ ಸೋಕಿಸಬೇಡಿ.

ಹೆಸರಿನ ವಯಸ್ಸು ಕೇಳಿದರೆ ದೇವಿಗಿಂತ ಹಿಂದಕ್ಕೆ ಹೋಗಬೇಕಾಗುತ್ತದೆ. ಋಗ್ವೇದದ ‘ಗೌರೀರ್ಮಿಮಾಯ ಸಲಿಲಾನಿ ತಕ್ಷತೀ’ (1.164.41) ಎಂಬ ಮಂತ್ರದಲ್ಲಿ ಕೂಗುವ ಗೌರಿ ಒಂದು ಹೆಣ್ಣು ಪ್ರಾಣಿ, ಕಾಡೆಮ್ಮೆಯ ಜಾತಿಯದು, ಭಾಷ್ಯಕಾರರು ಅದನ್ನು ವಾಕ್ಕಿನ ರೂಪಕವಾಗಿ ಓದುತ್ತಾರೆ. ಇದೇ ‘ಗೌರ’ ಶಬ್ದ ಹಿಂದಿಯ ಮೂಲಕ ಇಂಗ್ಲಿಷಿಗೆ ಹೋಗಿ ನಮ್ಮ ಕಾಟಿಗೆ (ಕಾಡುಕೋಣಕ್ಕೆ) ‘ಗೌರ್’ ಎಂಬ ಹೆಸರಾಯಿತು. 1827ರಲ್ಲಿ ಅದಕ್ಕೆ ‘ಬಾಸ್ ಗೌರಸ್’ ಎಂಬ ವೈಜ್ಞಾನಿಕ ಹೆಸರೂ ಬಿತ್ತು. ಬಂಡೀಪುರದಲ್ಲಿ ಅದನ್ನು ಕಂಡವರಿಗೆ ಗೊತ್ತು, ಕಾಲಿಗೆ ಬಿಳಿ ಕಾಲುಚೀಲ ಹಾಕಿದಂತಿರುವುದು ಬಿಟ್ಟರೆ ಬಲಿತ ಗೂಳಿ ಮೈಯೆಲ್ಲ ಕಪ್ಪು. ಹಟ್ಟಿಯಲ್ಲೂ ಗೌರಿ ಇದ್ದಾಳೆ: ಗೋವಿನ ಹಾಡಿನ ಗೊಲ್ಲ ಪುಣ್ಯಕೋಟಿಯನ್ನು ಕರೆಯುವ ಮೊದಲು ಗಂಗೆಯನ್ನೂ ಗೌರಿಯನ್ನೂ ಕರೆದಿರುತ್ತಾನೆ.

ಕನ್ನಡಕ್ಕೆ ಬಂದಾಗ ಕೊನೆಯ ಈಕಾರ ಮೊಟಕಾಯಿತು. ಸಮಾಸದಲ್ಲಿ ಮಾತ್ರ ದೀರ್ಘ ಉಳಿಯುತ್ತದೆ: ಗೌರೀಶ, ಗೌರೀಶಂಕರ, ಗೌರೀಸುತ. ಗಂಡಸರಿಗೆ ಈ ಹೆಸರು ತಲುಪುವುದು ಈ ದಾರಿಯಲ್ಲೇ. ಸಾಹಿತಿ ಗೌರೀಶ ಕಾಯ್ಕಿಣಿಯವರ ಹೆಸರಿನ ಅರ್ಥ ‘ಗೌರಿಯ ಒಡೆಯ’, ಅಂದರೆ ಶಿವ. ಕನ್ನಡದ ಸಂಧಿಯೂ ಇಲ್ಲಿ ಚೆಂದದ ಆಟ ಆಡುತ್ತದೆ. ‘ಅಮ್ಮ’, ‘ಅವ್ವ’, ‘ಅಕ್ಕ’ ಸೇರಿದರೆ ಇಕಾರ ಬಿದ್ದುಹೋಗಿ ಗೌರಮ್ಮ, ಗೌರವ್ವ, ಗೌರಕ್ಕ. ವಿಭಕ್ತಿ ಸೇರಿದರೆ ಇಕಾರ ಗಟ್ಟಿಯಾಗಿ ನಿಂತು ಯಕಾರವನ್ನು ಕರೆದುಕೊಂಡು ಗೌರಿಯನ್ನು, ಗೌರಿಯಿಂದ. ಬಾಯಲ್ಲಿ ಅದೇ ಗವ್ರಿ, ಗವ್ರಮ್ಮ. ಹೊರಗೆ ಬೆಳೆದ ಮಕ್ಕಳು ‘ಗೌರಿಯಮ್ಮ’ ಎಂದರೆ ತಪ್ಪೇನಲ್ಲ, ಆದರೆ ಕಿವಿಗೆ ಮಲಯಾಳದ ಗಾಳಿ ಬೀಸುತ್ತದೆ. ಕೇರಳದ ಕಮ್ಯುನಿಸ್ಟ್ ನಾಯಕಿ ಕೆ.ಆರ್. ಗೌರಿಯಮ್ಮ (1919–2021) ಆ ರೂಪವನ್ನು ಎಲ್ಲರಿಗೂ ಪರಿಚಯಿಸಿದವರು.

ಗೌರಮ್ಮ ಎಂಬ ರೂಪಕ್ಕೆ ಕೊಡಗಿನಿಂದಲೇ ಇಬ್ಬರು ಸಿಗುತ್ತಾರೆ. ಒಬ್ಬರು ಕತೆಗಾರ್ತಿ ಕೊಡಗಿನ ಗೌರಮ್ಮ (1912–1939). ಅವರು ಇಪ್ಪತ್ತೇಳಕ್ಕೇ ನೀರಿನಲ್ಲಿ ಮುಳುಗಿ ತೀರಿಕೊಂಡರು. ಇನ್ನೊಬ್ಬಳು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. ರಾಜ್ಯ ಕಳೆದುಕೊಂಡ ತಂದೆಯ ಜೊತೆ 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವಳಿಗೆ ಹನ್ನೊಂದರ ಆಸುಪಾಸು. ಅದೇ ವರ್ಷ ದೀಕ್ಷಾಸ್ನಾನವಾಗಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ, ಹೆಸರು ‘ವಿಕ್ಟೋರಿಯಾ ಗೌರಮ್ಮ’ ಆಯಿತು. ಮತ ಬದಲಾಯಿತು, ಉಡುಪು ಬದಲಾಯಿತು, ಗೌರಮ್ಮ ಮಾತ್ರ ಹೋಗಲಿಲ್ಲ. ಮುಂದೆ ಅವಳ ಮಗಳು ಎಡಿತ್‌ಳ ಹೆಸರಿನ ನಡುವೆಯೂ ಗೌರಮ್ಮ ಸೇರಿತು. 1864ರಲ್ಲಿ ತೀರಿಕೊಂಡ ರಾಜಕುಮಾರಿಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಪರದೇಶದ ದಾಖಲೆಗೆ ಸೇರಿದ ಕನ್ನಡದ ಹೆಣ್ಣುಹೆಸರುಗಳಲ್ಲಿ ಇದು ತೀರ ಹಳೆಯದರ ಸಾಲಿಗೆ ಸೇರುತ್ತದೆ. ಇಂಗ್ಲಿಷರು ಅದನ್ನು ‘ಜಿ ಒ ಯು’ ಹಾಕಿ ಬರೆದರು.

ಅಲ್ಲಿಗೆ ಬರೆಯುವ ಪ್ರಶ್ನೆ ಬಂತು. ಚಾಲ್ತಿಯಲ್ಲಿರುವ ರೂಪ ಮೂರು: ‘ಜಿ ಎ ಯು’, ‘ಜಿ ಒ ಡಬ್ಲ್ಯು’, ‘ಜಿ ಒ ಯು’, ಮೂರಕ್ಕೂ ಕೊನೆಗೆ ‘ಆರ್ ಐ’. ಮೊದಲನೆಯದು ಸಂಸ್ಕೃತವನ್ನು ರೋಮನ್ನಿನಲ್ಲಿ ಬರೆಯುವ ಪದ್ಧತಿ, ಹಿಂದಿಯವರ ರೂಢಿ. ಹಿಂದಿಯಲ್ಲಿ ಔಕಾರ ನಮ್ಮಂತೆ ಬಾಯಿ ಅಗಲಿಸಿ ಶುರುವಾಗುವುದಿಲ್ಲ, ‘ಆ’ಗೂ ‘ಓ’ಗೂ ನಡುವಿನ ಒಂದೇ ಸ್ವರವಾಗಿ ಬರುತ್ತದೆ. ಇಂಗ್ಲಿಷರೂ ಈ ಅಕ್ಷರಗಳನ್ನು ಹೆಚ್ಚುಕಡಿಮೆ ಹಾಗೆಯೇ ಓದುತ್ತಾರೆ, ಆಗ ಕೇಳುವುದು ‘ರಕ್ತಸಿಕ್ತ’ ಎಂಬರ್ಥದ ಇಂಗ್ಲಿಷ್ ಪದ. ಶಾಲೆಯ ಹುಡುಗರು ಇದನ್ನು ಬಿಡುವವರಲ್ಲ. ಇಂಗ್ಲಿಷ್ ಆಡುವ ದೇಶದಲ್ಲಿದ್ದರೆ ದಕ್ಷಿಣದವರ ‘ಒ ಡಬ್ಲ್ಯು’ ರೂಪವೇ ಮೇಲು. ಹಸುವಿಗಿರುವ ಇಂಗ್ಲಿಷ್ ಪದದ ಸ್ವರ ಅದು, ನಮ್ಮ ಔಕಾರಕ್ಕೆ ತೀರ ಹತ್ತಿರ. ‘ಒ ಯು’ ಹಾಕಿದರೆ ಕೆಲವರು ‘ಗೂರಿ’ ಎನ್ನುತ್ತಾರೆ.

ಸ್ಕಾಟ್ಲೆಂಡ್, ಆಸ್ಟ್ರೇಲಿಯಾದವರಿಗೆ ಒಂದು ಅನುಕೂಲ ಇದೆ. ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ ‘ಗೌರಿ’ ಎಂದೇ ಉಚ್ಚರಿಸುವ ಸೀಮೆಯೊಂದಿದೆ, ಬರೆಯುವಾಗ ಕೊನೆಗೆ ಒಂದು ‘ಇ’ ಹೆಚ್ಚು. ಆ ಬಿರುದು ಹೊತ್ತ ಲಾರ್ಡ್ ಗೌರಿ 1936ರಿಂದ 1945ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದರು. ಕ್ಯಾನ್‌ಬೆರಾದ ಒಂದು ಬಡಾವಣೆಗೆ ಅವರ ಹೆಸರಿದೆ, ಅವರ ಪತ್ನಿಯ ಹೆಸರಿನ ಶಿಶುವಿಹಾರಗಳು ಇಂದಿಗೂ ನಡೆಯುತ್ತಿವೆ. ಹೆಸರಿನ ಮೂಲ ಗೇಲಿಕ್, ನಮ್ಮದಕ್ಕೂ ಅದಕ್ಕೂ ನಂಟಿಲ್ಲ. ಆದರೂ ಅಲ್ಲಿನ ಟೀಚರಿಗೆ ಉಚ್ಚಾರ ಕಲಿಸುವ ಕೆಲಸ ತಪ್ಪುತ್ತದೆ.

ಜರ್ಮನಿ, ನೆದರ್ಲೆಂಡ್ಸ್, ಸ್ಪೇನ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ‘ಎ ಯು’ ನಮ್ಮ ಔಕಾರವೇ, ಹಾಗಾಗಿ ಸಂಸ್ಕೃತದ ಪದ್ಧತಿ ಸರಿಹೋಗುತ್ತದೆ; ಜರ್ಮನ್ನಿನಲ್ಲಿ ‘ಡಬ್ಲ್ಯು’ ವಕಾರವಾಗುವುದರಿಂದ ಮಗು ‘ಗೋವ್ರಿ’ ಆಗಿಬಿಡುತ್ತದೆ. ಫ್ರೆಂಚರು ‘ಎ ಯು’ ನೋಡಿದರೆ ‘ಓ’ ಎನ್ನುತ್ತಾರೆ. ‘ಎ ಒ ಯು’ ಎಂದು ಬರೆದರೆ ಉಚ್ಚಾರವೇನೋ ಸರಿ, ಆದರೆ ಫ್ರಾನ್ಸಿನಲ್ಲಿರುವ ಉತ್ತರ ಆಫ್ರಿಕಾ ಮೂಲದವರ ಮಾತಿನಲ್ಲಿ ಆ ಪದಕ್ಕೆ ‘ಪರಂಗಿಯವ’ ಎಂಬ ಅರ್ಥವಿದೆ. ಗಲ್ಫ್‌ನಲ್ಲಿ ಗುರುತಿನ ಚೀಟಿಯ ಅರಬ್ಬಿ ಬದಿಯನ್ನು ನೋಡಿಕೊಳ್ಳಿ. ಅರಬ್ಬಿಯಲ್ಲಿ ಗಕಾರಕ್ಕೆ ನಿಶ್ಚಿತ ಅಕ್ಷರವಿಲ್ಲದೆ ‘ಘೈನ್’ ಬಳಸಿದರೆ, ಆಫ್ಘಾನಿಸ್ತಾನದ ಘೋರ್ ಪ್ರಾಂತದಿಂದ ಬಂದ ‘ಘೋರಿ’ ಎಂಬ ಮನೆತನದ ಹೆಸರಿಗೂ ಇದಕ್ಕೂ ಬರಹದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಯಾವ ರೂಪ ಆರಿಸಿದರೂ ಆಸ್ಪತ್ರೆಯ ಜನನ ನೋಂದಣಿಗೆ ಮೊದಲೇ ಆರಿಸಿ, ಬರೆದ ಚೀಟಿಯನ್ನು ಕನ್ನಡ ಬಾರದ ಇಬ್ಬರು ಮೂವರ ಕೈಗೆ ಕೊಟ್ಟು ಜೋರಾಗಿ ಓದಿಸಿ ನೋಡಿ. ಆಮೇಲೆ ಒಂದಕ್ಷರವೂ ಬದಲಾಗಬಾರದು. ಜನನ ಪತ್ರದಲ್ಲಿ ‘ಎ ಯು’, ಪಾಸ್‌ಪೋರ್ಟಿನಲ್ಲಿ ‘ಒ ಡಬ್ಲ್ಯು’ ಎಂದಿದ್ದರೆ ಓಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರ ಕಾರ್ಡು) ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದರಲ್ಲಿ ಹೆಸರು ವಿದೇಶಿ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ಗೌರಮ್ಮ ಎಂದಿಡುವವರು ಒಂದೇ ಪದವಾಗಿ ಬರೆಯಿರಿ. ಜಾಗ ಬಿಟ್ಟರೆ ‘ಅಮ್ಮ’ ಮಗುವಿನ ಮನೆತನದ ಹೆಸರಾಗಿಬಿಡುತ್ತದೆ. ಊರಿನ ರೂಢಿಯಂತೆ ಬರೀ ಗೌರಿ ಎಂದಿಟ್ಟು ಕೊನೆಯ ಹೆಸರಿನ ಖಾನೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಗೌರಿ ಕೊನೆಯ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ತಿಳಿದಿಲ್ಲ ಎಂದು ಅಚ್ಚಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿತು. ತಂದೆಯದೋ ತಾಯಿಯದೋ ಹೆಸರನ್ನು, ಇನಿಷಿಯಲ್ ಆಗಿ ಅಲ್ಲ, ಪೂರ್ತಿಯಾಗಿ ಆ ಖಾನೆಯಲ್ಲಿ ತುಂಬಿ.