ಹೊಟ್ಟೆಯ ತೊಂದರೆಗೆ ಮೂಲ ಮೂಳೆಮಜ್ಜೆಯಲ್ಲೂ ಇರಬಹುದು

ಮಾನ್ಯರೇ,

ತಿಂಗಳುಗಟ್ಟಲೆ ಬಿಡದ ಭೇದಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸುಮ್ನೆ ಇಳಿಯುತ್ತಲೇ ಹೋಗುವ ತೂಕ. ಇದನ್ನು ಗ್ಯಾಸ್, ಟೆನ್ಷನ್ ಎಂದು ತಳ್ಳಿಹಾಕುವವರೇ ಜಾಸ್ತಿ. ಅಪರೂಪಕ್ಕೆ ಇದು ಎಎಲ್ ಅಮೈಲಾಯ್ಡೋಸಿಸ್ ಆಗಿರಬಹುದು. ಈ ಕಾಯಿಲೆಯಲ್ಲಿ ಮೂಳೆಮಜ್ಜೆಯ ಪ್ಲಾಸ್ಮಾ ಕಣಗಳು (ರೋಗನಿರೋಧಕ ಪ್ರೊಟೀನ್ ತಯಾರಿಸುವ ಜೀವಕೋಶಗಳು) ಕೆಟ್ಟು, ತಪ್ಪಾಗಿ ಮಡಚಿಕೊಳ್ಳುವ ಪ್ರೊಟೀನ್ ತುಣುಕುಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಹೃದಯ, ಕಿಡ್ನಿ, ನರಗಳಲ್ಲಿ ಸೇರಿಕೊಳ್ಳುತ್ತವೆ. ಕರುಳಿನ ಗೋಡೆಯನ್ನೂ ಬಿಡುವುದಿಲ್ಲ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ.

ಕಷ್ಟ ಇರುವುದು ಪತ್ತೆಯಲ್ಲಿ. ಎಂಡೋಸ್ಕೋಪಿಯಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಬಯಾಪ್ಸಿಗೆ ಅಂಗಾಂಶದ ಚೂರು ತೆಗೆದು, ಕಾಂಗೋ ರೆಡ್ ಬಣ್ಣ ಹಾಕಿ, ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ ಸೇರಿಕೊಂಡ ಪ್ರೊಟೀನ್ ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಆ ಬಣ್ಣ ಹಾಕಿ ನೋಡಿ ಎಂದು ಯಾರಾದರೂ ಹೇಳಬೇಕಲ್ವಾ? ನಾಲಿಗೆ ದಪ್ಪಗಾಗಿ ಅಂಚಿನಲ್ಲಿ ಹಲ್ಲಿನ ಗುರುತು, ಪೆಟ್ಟು ಬೀಳದೆಯೂ ಕಣ್ಣಿನ ಸುತ್ತ ನೀಲಿಗಟ್ಟಿದ ಕಲೆ, ಮೂತ್ರದಲ್ಲಿ ನೊರೆ ಕಂಡರಂತೂ ವೈದ್ಯರು ಆ ಪ್ರೊಟೀನ್ ತುಣುಕುಗಳನ್ನು ಅಳೆಯುವ ಫ್ರೀ ಲೈಟ್ ಚೈನ್ ರಕ್ತಪರೀಕ್ಷೆ ಬರೆಯಲು ಹಿಂಜರಿಯಬಾರದು.

2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆಂದೇ ಡಾರಾಟುಮುಮಾಬ್ ಎಂಬ ಔಷಧ ಸೇರಿದ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಹೃದಯ ಸೋಲುವ ಮುಂಚೆಯೇ ಕಾಯಿಲೆ ಪತ್ತೆಯಾದವರಿಗೆ ಚಿಕಿತ್ಸೆಯ ಲಾಭ ಜಾಸ್ತಿ.

– ಒಬ್ಬ ಓದುಗ